ಸೌತೆಕಾಯಿಯ ಗುರುತು

ಗಂಡ ಮೂಲೆಯ ಮೇಜಿಗೆ ಹೋಗಿ ಕೂತ. ಹೆಂಡತಿ ನೇರವಾಗಿ ನನ್ನ ಕೌಂಟರಿಗೆ ಬಂದಳು.

"ಎರಡು ಜಿನ್. ನನಗೆ ಟಾನಿಕ್ ವಾಟರ್ ಹಾಕಿ, ಅವರಿಗೆ ಬರೀ ಸೋಡಾ. ಟಾನಿಕ್‌ನಲ್ಲಿರೋ ಕಹಿ ಕ್ವಿನೈನ್ ಅವರಿಗೆ ಆಗಲ್ಲ. ಹೋದ ಸಲ ಒಂದೇ ಲೋಟಕ್ಕೆ ಐಸಿಯು ಸೇರಿದ್ರು. ಇನ್ನೊಂದು ಸಲ ಆದ್ರೆ ಉಳಿಯಲ್ಲ ಅಂದಿದ್ದಾರೆ ಡಾಕ್ಟ್ರು."

"ಯಾವ ಜಿನ್ ಕೊಡ್ಲಿ ಮೇಡಂ? ಕಿತ್ತಳೆ ಘಮದ್ದು ಚೆನ್ನಾಗಿರುತ್ತೆ, ಕಹಿ ಇರಲ್ಲ."

"ಬೇಡ. ಇರೋದ್ರಲ್ಲಿ ತುಂಬಾ ಕಹಿ ಯಾವುದೋ ಅದನ್ನೇ ಕೊಡಿ."

ಸೋಡಾದ ಲೋಟಕ್ಕೆ ಸೌತೆಕಾಯಿ ಬಿಲ್ಲೆ, ಟಾನಿಕ್‌ನದಕ್ಕೆ ನಿಂಬೆ ಹಾಕಿದೆ. ನೋಡಲು ಎರಡೂ ನೀರಿನ ಹಾಗೇ ಇರುತ್ತವೆ. ಅದಲುಬದಲಾಗದಿರಲಿ ಎಂದು ನಾವು ಹೀಗೆ ಗುರುತು ಮಾಡುತ್ತೇವೆ.

"ಸೌತೆಕಾಯಿ ಇರೋದು ಸಾಹೇಬ್ರದು," ಎಂದೆ.

"ಗೊತ್ತು. ಅವರೂ ಅದನ್ನ ನೋಡ್ಕೊಂಡೇ ಕುಡಿಯೋದು."

ಟ್ರೇಯನ್ನು ತಾನೇ ಎತ್ತಿಕೊಂಡಳು. ಎಷ್ಟು ಜೋಪಾನ ಮಾಡುತ್ತಾಳೆ ಎಂದುಕೊಂಡೆ. ನನಗೆ ಬೆನ್ನು ಹಾಕಿ ಕಂಬದ ಬಳಿ ಒಂದು ಗಳಿಗೆ ನಿಂತು, ಮುಂದೆ ಹೋದಳು.

"ಯಾಕೋ ಕಹಿ ಕಣೇ," ಎಂದ ಗಂಡನ ದನಿ ಕೇಳಿಸಿತು.

"ಆ ಜಿನ್ನೇ ಹಾಗೆ. ಕುಡೀರಿ."

ಏಳು ಗಂಟೆಯಾಯಿತು. ದಿನದಂತೆ ಬಿಳಿ ದೀಪಗಳನ್ನು ಆರಿಸಿ ನೇರಳೆ ದೀಪ ಹಾಕಿದೆ. ಆ ಬೆಳಕಿಗೆ ಟಾನಿಕ್ ಇರುವ ಲೋಟ ಮಾತ್ರ ನೀಲಿಯಾಗಿ ಹೊಳೆಯುತ್ತದೆ. ನಮ್ಮ ಗಿರಾಕಿಗಳಿಗೆ ಅದನ್ನು ನೋಡುವುದೇ ಒಂದು ಮೋಜು.

ಮೂಲೆಯಲ್ಲಿ, ಗಂಡನ ಕೈಯಲ್ಲಿದ್ದ ಅರ್ಧ ಖಾಲಿ ಲೋಟದೊಳಗೆ, ಉರಿಯುವ ನೀಲಿಯ ಮೇಲೆ ಸೌತೆಕಾಯಿ ಬಿಲ್ಲೆ ತೇಲುತ್ತಿತ್ತು.