ಭವಾನಮ್ಮನ ಸಂಡಿಗೆ, ಅಕ್ಷರಾಳ ಟೈರು

ಬೆಳಗ್ಗೆ ಒಂಬತ್ತರಿಂದ ಜ್ಞಾನೇಶ್ ಶಿವಮೊಗ್ಗದ ವಿನೋಬನಗರದ ಒಂದು ತಾರಸಿಯನ್ನು ಎವೆಯಿಕ್ಕದೆ ನೋಡುತ್ತಿದ್ದ. ತಾರಸಿಯ ಮೇಲೆ ಹಳೆಯ ಪಂಚೆ, ಪಂಚೆಯ ಮೇಲೆ ಅರಳು ಸಂಡಿಗೆ, ಕಾವಲಿಗೆ ಎಪ್ಪತ್ತೆಂಟರ ಭವಾನಮ್ಮ.

ಭದ್ರಾವತಿಯಲ್ಲಿ ಕಾರ್ ರೇಸು ಹನ್ನೆರಡಕ್ಕೆ. ಜ್ಞಾನೇಶನ ತಂಗಿ ಅಕ್ಷರಾ ಗೆದ್ದರೆ ರಾಜ್ಯದ ತಂಡಕ್ಕೆ ಸೇರುತ್ತಾಳೆ. ಮೂರು ವರ್ಷದಿಂದ ಅವಳನ್ನು ಸೋಲಿಸುತ್ತಿದ್ದವನು ಈ ಭವಾನಮ್ಮನ ಮೊಮ್ಮಗ ಪ್ರಣವ. ಓಡಿಸುವುದರಲ್ಲಿ ಅವನೇನು ಮಹಾಶೂರನಲ್ಲ, ಗೆಲ್ಲುತ್ತಿದ್ದುದು ಟೈರಿನಿಂದ. ಮಳೆ ಬಂದರೆ ನೀರನ್ನು ಹೊರದಬ್ಬುವ, ಗೀರುಗೀರಾದ ರೈನ್ ಟೈರ್ ಬೇಕು. ಬಿಸಿಲಿಗೆ ನುಣುಪಾದ ಸ್ಲಿಕ್ ಟೈರ್. ಒಣ ರಸ್ತೆಯಲ್ಲಿ ರೈನ್ ಟೈರ್ ಕಾದು, ಮೆತ್ತಗಾಗಿ, ಕಿತ್ತುಹೋಗುತ್ತದೆ. ಓಟ ಶುರುವಾದ ಮೇಲೆ ಬದಲಿಸುವಂತಿಲ್ಲ. ಪ್ರಣವ ಒಮ್ಮೆಯೂ ತಪ್ಪಿರಲಿಲ್ಲ.

ಅದರ ಗುಟ್ಟು ಮೊನ್ನೆ ತಾನೇ ಜ್ಞಾನೇಶನಿಗೆ ಸಿಕ್ಕಿತ್ತು. ಶಿವಮೊಗ್ಗದ ಮಳೆ ಅರ್ಧ ಗಂಟೆಯಲ್ಲಿ ಭದ್ರಾವತಿ ಮುಟ್ಟುತ್ತದೆ. ಮೊಬೈಲು ಏನೇ ಹೇಳಲಿ, ಭವಾನಮ್ಮ ಸಂಡಿಗೆ ಎತ್ತಿದರೆ ಮಳೆ ಬಂತೆಂದೇ ಅರ್ಥ. ಪ್ರತಿ ಓಟಕ್ಕೂ ಮುಂಚೆ ಪ್ರಣವ ಅಜ್ಜಿಗೆ ಫೋನು ಮಾಡುತ್ತಿದ್ದುದು ಆಶೀರ್ವಾದಕ್ಕಲ್ಲ.

ಅರೆಬರೆ ಮೋಡವಿತ್ತು. ಇನ್ನಷ್ಟು ಸರಿಯಾಗಿ ಕಾಣಲೆಂದು ಜ್ಞಾನೇಶ್ ಗೇಟಿನ ಹತ್ತಿರ ಹೋದ. ಅದೂ ಸಾಲದೆ ಕಾಂಪೌಂಡು ಹತ್ತಿ ಕತ್ತು ಚಾಚಿದ. ಭವಾನಮ್ಮ ಎದ್ದರು. ಬಗ್ಗಿ ಬೀದಿಯ ಕಡೆ ಒಮ್ಮೆ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಚೆಯ ನಾಲ್ಕೂ ಮೂಲೆ ಒಟ್ಟುಮಾಡಿ, ಆ ವಯಸ್ಸಿನಲ್ಲೂ ಒಳಗೆ ಓಡಿದರು. ಚಿಲಕ ಬಿದ್ದ ಸದ್ದೂ ಕೇಳಿಸಿತು.

ಜ್ಞಾನೇಶ್ ಕೆಳಗೆ ಹಾರಿ ಫೋನು ಮಾಡಿದ. "ಅಕ್ಷರಾ, ರೈನ್ ಟೈರ್ ಹಾಕ್ಸು!"

"ಇಲ್ಲಿ ಬಿಸಿಲು ಸುಡ್ತಿದೆಯಲ್ಲೋ ಅಣ್ಣ."

"ಸಂಡಿಗೆ ಒಳಗೆ ಹೋಯ್ತು ಮಾರಾಯ್ತಿ! ಇನ್ನೇನು ಬೇಕು ನಿಂಗೆ?"

ಹನ್ನೆರಡಕ್ಕೆ ಬಾವುಟ ಬಿತ್ತು, ಮಳೆ ಬೀಳಲಿಲ್ಲ. ನಾಲ್ಕನೇ ಸುತ್ತಿಗೇ ಅಕ್ಷರಾಳ ಟೈರಿನ ರಬ್ಬರು ಉಂಡೆ ಉಂಡೆಯಾಗಿ ಉದುರತೊಡಗಿತು. ಪ್ರಣವ ಸ್ಲಿಕ್ ಹಾಕಿಕೊಂಡು ಆರಾಮಾಗಿ ಗೆದ್ದ. ಅಕ್ಷರಾ ಹೆಲ್ಮೆಟ್ ತೆಗೆಯದೆ ಒಳಗೇ ಅತ್ತಳು.

ಬೈಕಿನಲ್ಲಿ ಬಂದು ಇದನ್ನೆಲ್ಲ ನೋಡಿದ ಜ್ಞಾನೇಶ್ ನೆಟ್ಟಗೆ ಗೆದ್ದವನ ಹತ್ತಿರ ಹೋದ. ಕೈಕುಲುಕುವ ನೆಪದಲ್ಲಿ ಪ್ರಣವನನ್ನು ಕೇಳಿಯೇಬಿಟ್ಟ. "ನಿಮ್ಮಜ್ಜಿ ಸಂಡಿಗೆ ಎತ್ತಿಟ್ರಂತಲ್ಲ, ಆದ್ರೂ ಸ್ಲಿಕ್ ಹಾಕಿದ್ಯಲ್ಲ, ಯಾವ ಧೈರ್ಯದ ಮೇಲೆ ಮಾರಾಯ?"

"ಮಳೆಗಲ್ವಂತೆ ಎತ್ತಿದ್ದು," ಪ್ರಣವ ನಕ್ಕ, "ಯಾವನೋ ಹಸ್ಕೊಂಡೋನು ಬೆಳಗ್ಗಿಂದ ಸಂಡಿಗೆನೇ ನೋಡ್ತಾ ನಿಂತಿದ್ನಂತೆ, ಕೊನೆಗೆ ಕಾಂಪೌಂಡೇ ಹತ್ತಿಬಿಟ್ನಂತೆ!"