ಅತ್ತೆ ಆ್ಯಂಡ್ ಸೊಸೆ

ಇಂಗ್ಲಿಷಿನ ‘ಆ್ಯಂಡ್’ ಎರಡು ಹೆಸರುಗಳ ನಡುವೆ ಬಂದರೆ ಆ ಇಬ್ಬರೂ ಅಂಟಿಕೊಳ್ಳುವ ಕಾಲ ಬಂದಮೇಲೆ, ಅರಸೀಕೆರೆಯ ಗ್ರಾಮರ್ ಮೇಷ್ಟ್ರ ಮನೆ ಮುಂದೆ ದಿನವೂ ಜನ. ಇವತ್ತು ತಾರಕೇಶ ತನ್ನ ತಾಯಿ ಪುಟ್ಟತಾಯಮ್ಮ, ಹೆಂಡತಿ ರೇವತಿ ಇಬ್ಬರನ್ನೂ ಕರೆತಂದಿದ್ದ. ನೆಂಟರ ಮದುವೆಮನೆಯಲ್ಲಿ ಫೋಟೋದವನು ಇಬ್ಬರನ್ನೂ ಇಂಗ್ಲಿಷಿನಲ್ಲಿ ಒಟ್ಟಿಗೆ ಕರೆದುಬಿಟ್ಟಿದ್ದ. ಅತ್ತೆಯ ಮೊಣಕೈ ಸೊಸೆಯ ಮೊಣಕೈಗೆ ಅಂಟಿತ್ತು.

“ನೋಡ್ಕೊಂಡು ಬಳಸ್ರಪ್ಪಾ ಅಂತ ಎಷ್ಟು ಬಡ್ಕೊಂಡ್ರೂ ಕೇಳಲ್ಲ,” ಮೇಷ್ಟ್ರು ಕಾಫಿ ಹೀರುತ್ತಾ ಗೊಣಗಿದರು. “ಇಬ್ಬರ ಹೆಸರಿನ ಮಧ್ಯೆ ‘ಆರ್’, ಅಂದ್ರೆ ‘ಅಥವಾ’, ಹಾಕಿ ಹೇಳು, ಬಿಟ್ಕೊಳತ್ತೆ. ಆದ್ರೆ ಮೊದಲು ಹೇಳಿದೋರು ನಿನ್ನ ಮನೇಲಿ ಉಳೀತಾರೆ, ಇನ್ನೊಬ್ರು ಅವರ ತವರಿಗೆ ಹೋಗಿ ಬೀಳ್ತಾರೆ.”

ತಾರಕೇಶ ಬಾಯಿ ತೆರೆದ. ನಾಲ್ಕು ಕಣ್ಣುಗಳು ಅವನನ್ನೇ ದುರುಗುಟ್ಟಿದವು. ಬಾಯಿ ಮುಚ್ಚಿ, ಮೆಲ್ಲಗೆ ಬಾಗಿಲಾಚೆ ಹೋಗಿ ಚಪ್ಪಲಿ ಹುಡುಕತೊಡಗಿದ.

“ನೋಡಿದ್ರಾ ಮೇಷ್ಟ್ರೇ? ನಾವು ಜಗಳಕ್ಕೆ ನಿಂತಾಗ್ಲೆಲ್ಲ ಇವನು ಹೀಗೇ ಜಾರ್ಕೋತಾನೆ,” ಎಂದರು ಪುಟ್ಟತಾಯಮ್ಮ.

ರೇವತಿ ಮದುವೆಯಾದಮೇಲೆ ಮೊದಲ ಸಲ ಅತ್ತೆಯ ಮಾತಿಗೆ ತಲೆಯಾಡಿಸಿದಳು. “ಬಿಡಿಸೋದು ಬೇಡ ಸಾರ್. ಇನ್ನೊಂದು ‘ಆ್ಯಂಡ್’ ಹಾಕಿ, ಇವರನ್ನೂ ಸೇರಿಸ್ಬಿಡಿ.”

ತಾರಕೇಶನಿಗೆ ಇನ್ನೂ ಒಂದೇ ಚಪ್ಪಲಿ ಸಿಕ್ಕಿತ್ತು. ಮೇಷ್ಟ್ರು ಆಗಲೇ ಗಂಟಲು ಸರಿಮಾಡಿಕೊಂಡಿದ್ದರು.