ಕಿವುಡಪ್ಪನಿಗೊಂದು ಮನೆ

"ರಾತ್ರಿ ಕಿಟಕಿ ತೆಗೆದಿಟ್ಟು ಮಲಗ್ತೀರೋ, ಮುಚ್ಚಿಟ್ಟೋ?" ಟೈಲರಮ್ಮ ಕೇಳಿದಳು.

ನಾಯಿ ಸಾಕುತ್ತೇನೆಂದು ಬಂದಿದ್ದ ಬಸ್ ಡ್ರೈವರ್, ಹೊಲಿಗೆ ಅಂಗಡಿಯ ಸ್ಟೂಲಿನ ಮೇಲೆ ಮುದುಡಿಕೊಂಡು ಕೂತಿದ್ದ. "ತೆಗೆದಿಟ್ಟು."

"ನೆಗಡಿ ಆದ್ರೆ?"

"ನನಗಾ, ನಾಯಿಗಾ?"

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ತಂಗಿ ಕಿಸಕ್ಕನೆ ನಕ್ಕಳು. "ಅಕ್ಕಾ, ಭಾವನ್ನ ಒಪ್ಕೊಳ್ಳೋವಾಗ ಇದರಲ್ಲಿ ಅರ್ಧ ಕೇಳಿದ್ರೂ ಸಾಕಿತ್ತು." ಟೈಲರಮ್ಮ ಗುರ್ರೆಂದು ನೋಡಿದಳು. ಹಿಂದೆ ಬಂದವರನ್ನೂ ಆಕೆ ಹೀಗೇ ಸಾಗಹಾಕಿದ್ದಳು. ಒಬ್ಬಾಕೆ ಸೆಂಟು ಜಾಸ್ತಿ ಹಾಕಿಕೊಂಡಿದ್ದಳು. ಇನ್ನೊಂದು ದಂಪತಿಯ ದನಿ ತೀರಾ ಮೆದು; ಪೂರ್ತಿ ಕಿವುಡಾದ ನಾಯಿಗೆ ಅವರ ಮಾತು ಕೇಳಿಸುವುದು ಹೇಗೆ?

ನಾಯಿ-ಬೆಕ್ಕುಗಳ ಆಶ್ರಯಕೇಂದ್ರದಲ್ಲಿ ಜಾಗ ಸಾಲದಾದಾಗ, ಯಾರಿಗೂ ಬೇಡವಾದವನ್ನು ಸೂಜಿ ಚುಚ್ಚಿ ಮುಗಿಸುತ್ತಿದ್ದರು. ನಿಲ್ಲಿಸಿ ಎಂದು ಬಾಗಿಲಲ್ಲಿ ಕೂತು ಗಂಟಲು ಹರಿದುಕೊಂಡವರಲ್ಲಿ ಟೈಲರಮ್ಮನೇ ಮುಂದು. ಕೇಂದ್ರದ ಡಾಕ್ಟರು ಒಪ್ಪಿದರು, ಒಂದೇ ಷರತ್ತಿನ ಮೇಲೆ: ಸಾಕುವವರು ಸಿಗುವ ತನಕ ಒಂದೊಂದನ್ನು ಕೂಗಾಡಿದವರೇ ಇಟ್ಟುಕೊಳ್ಳಬೇಕು. ಹಾಗೆ ಬಂದವನು ಕಿವುಡಪ್ಪ. ಯಂತ್ರ ಎಷ್ಟೇ ಗಡಗಡಿಸಲಿ, ಅದರ ಬುಡದಲ್ಲೇ ಗೊರಕೆ ಹೊಡೆಯುತ್ತಿದ್ದ.

ಫೋನ್ ಬಡಿದುಕೊಂಡಿತು. ಡಾಕ್ಟರು.

"ಹೊಸದೊಂದು ಬಂದಿದೆ ಟೈಲರಮ್ಮ. ಗೂಡೆಲ್ಲ ಭರ್ತಿ. ನಿಮ್ಮಲ್ಲಿ ಜಾಗ ಆಯ್ತಾ?"

"ಎಲ್ಲಿ ಡಾಕ್ಟ್ರೇ, ಯೋಗ್ಯರೇ ಸಿಗ್ತಿಲ್ಲ."

"ಸೂಜಿ ಮುಟ್ಟಬೇಡಿ ಅಂದವರು ನೀವೇ. ಈಗ ಇದನ್ನ ಎಲ್ಲಿ ಇಡ್ಲಿ, ನೀವೇ ಹೇಳಿ."

ಆಕೆ ಫೋನ್ ಇಟ್ಟಳು. ತಿರುಗಿ ನೋಡಿದರೆ ಕಿವುಡಪ್ಪ ಎದ್ದು ಹೋಗಿ, ಡ್ರೈವರನ ಬೂಟಿನ ಮೇಲೆ ಗದ್ದವಿಟ್ಟು ಮಲಗಿದ್ದಾನೆ!

"ನಂಬಿಕೆದ್ರೋಹಿ," ಎಂದು ಗೊಣಗಿದಳು.

"ಕೇಳಿಸೋದಿಲ್ವಲ್ಲ, ಇವನನ್ನ ಕರೆಯೋದು ಹೇಗೆ?" ಡ್ರೈವರ್ ಕೇಳಿದ. ಹಿಂದೆ ಬಂದವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

"ನೆಲದ ಮೇಲೆ ಕಾಲು ತಟ್ಟಿ. ಮೆತ್ತಗೆ."

ಅವನು ಮೆತ್ತಗೆ ತಟ್ಟಿದ. ನಾಯಿ ತಲೆಯೆತ್ತಿ ಬಾಲ ಆಡಿಸಿತು. ಟೈಲರಮ್ಮನ ಪ್ರಶ್ನೆಗಳೆಲ್ಲ ಖಾಲಿಯಾದವು. ಕೊರಳಪಟ್ಟಿಯ ಹಗ್ಗವನ್ನು ಅವನ ಕೈಗಿತ್ತು, ಕತ್ತರಿ ಹುಡುಕುವ ನೆಪದಲ್ಲಿ ಒಳಗೆ ಹೋದಳು. ಕತ್ತರಿ ಮೇಜಿನ ಮೇಲೇ ಇತ್ತು. ತಂಗಿ ಅದನ್ನು ಕಂಡರೂ ಕಾಣದವಳಂತೆ ಗುಂಡಿ ಹಚ್ಚಿದಳು.

ಸಂಜೆ ಕೇಂದ್ರದಲ್ಲಿ ಡಾಕ್ಟರು ಟೈಲರಮ್ಮನನ್ನು ಒಂದು ಗೂಡಿನ ಮುಂದೆ ಕರೆತಂದು ನಿಲ್ಲಿಸಿದರು. ಒಳಗಿದ್ದ ಮುದಿ ಹೆಣ್ಣುನಾಯಿ ಉಳಿದಷ್ಟು ಹಲ್ಲನ್ನೂ ಕಿಸಿದು ಗುರುಗುಟ್ಟಿತು.

"ಮೊದಲೇ ಹೇಳಿಬಿಡ್ತೀನಿ," ಎಂದರು ಡಾಕ್ಟರು. "ಕಚ್ಚುತ್ತೆ. ಮೈತುಂಬ ಕಜ್ಜಿ. ಇದನ್ನ ಯಾರೂ ಕೇಳ್ಕೊಂಡು ಬರಲ್ಲ. ಕೊನೇವರೆಗೂ ನಿಮ್ಮ ತಲೆಮೇಲೇ ಕೂತ್ಬಿಡಬಹುದು."

ಬೆಳಗಿನಿಂದ ಬಾಡಿದ್ದ ಟೈಲರಮ್ಮನ ಮುಖ ಅರಳಿತು.

"ಯಾರೂ ಬರಲ್ವಾ?" ಎಂದಳು. "ಗ್ಯಾರಂಟಿನಾ ಡಾಕ್ಟ್ರೇ?"